ಸಂತಾನ ನಿಯಂತ್ರಣ: ಮೈಸೂರಿನ ಆಜ್ಞೆಯಿಂದ ಭಿವಂಡಿಯವರೆಗೆ

ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿ ವಿರಾಜಿಸುತ್ತಿದ್ದ, ಮಿರ್ಜಾ ಇಸ್ಮಾಯಿಲರು ದಿವಾನಗಿರಿಯ ಭಾರ ಹೊತ್ತಿದ್ದ 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಬೇಕೆಂಬ ಆಜ್ಞೆ ಹೊರಟಿತು. ಲೋಕದಲ್ಲೇ ಈ ಬಗೆಯ ಮೊದಲ ಸರ್ಕಾರಿ ಚಿಕಿತ್ಸಾಲಯಗಳೆಂಬ ಖ್ಯಾತಿ ಅವುಗಳದು. ಕನ್ನಂಬಾಡಿಯನ್ನು ನೆನೆದು ಎದೆಯುಬ್ಬಿಸುವ ನಾವು ಇದನ್ನು ಮರೆತದ್ದೇಕೋ! ಅತ್ತ ಬ್ರಿಟಿಷರ ಮುಂಬಯಿಯಲ್ಲಿ ಇದೇ ಕಾರ್ಯಕ್ಕೆ ರಾಜಾಶ್ರಯವಿರಲಿಲ್ಲ. 1921ರಲ್ಲೇ ಚಿಕಿತ್ಸಾಲಯ ತೆರೆದ ರಘುನಾಥ ಧೋಂಡೋ ಕರ್ವೆಯವರು ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡರು. ಅವರ ‘ಸಮಾಜಸ್ವಾಸ್ಥ್ಯ’ ಪತ್ರಿಕೆ ಅಶ್ಲೀಲವೆಂಬ ಆರೋಪ ಹೊತ್ತಿತು. 1934ರಲ್ಲಿ ಸಾಕ್ಷಾತ್ ಅಂಬೇಡ್ಕರರೇ ವಕೀಲರಾಗಿ ನಿಂತರೂ ದಂಡ ತಪ್ಪಲಿಲ್ಲ.

ಆದರೆ ಕಾಲಚಕ್ರ ತಿರುಗಿತು. ಹುಬ್ಬಳ್ಳಿಯಲ್ಲಿ ಜನಿಸಿದ ಧನ್ವಂತಿ ರಾಮರಾವ್ 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. ಇದೇ ಸಂಘದ ಶಾಖೆಯೊಂದು ಮುಂದೆ ಮಗ್ಗಗಳ ನಗರಿಯಾದ ಭಿವಂಡಿಯಲ್ಲೂ ನೆಲೆಯೂರಿತು. ನಂತರದ ದಶಕಗಳಲ್ಲಿ ವಿಧಾನಗಳು ಅರಸುಮನೆತನಗಳಂತೆ ಏರಿದವು, ಇಳಿದವು. ರಾಮನಗರದ ಸ್ತ್ರೀಯರಿಗೆ ಸುರಕ್ಷಿತ ದಿನಗಳನ್ನು ಎಣಿಸಲು ಬಣ್ಣದ ಮಣಿಸರ ಕೊಡಲಾಯಿತು. ಋತುಚಕ್ರ ಮಣಿಗಳ ಲೆಕ್ಕಕ್ಕೆ ಒಗ್ಗಲಿಲ್ಲ. 1965ರಲ್ಲಿ ಗರ್ಭಾಶಯದಲ್ಲಿರಿಸುವ ಲೂಪ್ ವಿಜೃಂಭಿಸಿ, ರಕ್ತಸ್ರಾವದ ಅಪಕೀರ್ತಿಯಿಂದ ಕುಗ್ಗಿತು. 1968ರಲ್ಲಿ 15 ಪೈಸೆಗೆ ಮೂರರಂತೆ ನಿರೋಧ್ ಕಾಂಡೋಮ್ ಅಂಗಡಿಗೆ ಬಂತು. ಬಳಿಕ ಬಂದದ್ದು ತುರ್ತುಪರಿಸ್ಥಿತಿ: 1976–77ರ ಒಂದೇ ವರ್ಷದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು, ಬಹುಪಾಲು ಪುರುಷರಿಗೆ, ಅನೇಕವು ಬಲಾತ್ಕಾರದಿಂದ. ಮಹಾರಾಷ್ಟ್ರದ ಶಾಸಕಾಂಗವಂತೂ ಕಡ್ಡಾಯ ಸಂತಾನಹರಣದ ವಿಧೇಯಕವನ್ನೇ ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ಬೀಳದೆ ಅದು ಅಸ್ತಂಗತವಾಯಿತು. 1977ರ ಚುನಾವಣೆಯಲ್ಲಿ ತುರ್ತುಪರಿಸ್ಥಿತಿ ಹೇರಿದ ಪ್ರಭುತ್ವವೂ ಉರುಳಿತು. ಉಳಿದದ್ದು ಭೀತಿ. ಪುರುಷರು ಹಿಂದೆ ಸರಿದರು, ಸಮಸ್ತ ಭಾರವೂ ಸ್ತ್ರೀಯರ ಉದರದ ಮೇಲೆ ಬಿತ್ತು. ನನ್ನ ಮಟ್ಟಿಗೆ ಈ ಇತಿಹಾಸದ ಮಹಾಪತನ ಇದೇ.

ಇಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆಯ್ಕೆಗಳು ಹೇರಳ: ಹತ್ತು ವರ್ಷ ಬಾಳುವ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ‘ಅಂತರಾ’ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಮತ್ತು ಆಮೇಲೆ ವಾರಕ್ಕೊಂದರಂತೆ ನುಂಗುವ ‘ಛಾಯಾ’ ಮಾತ್ರೆ, ಲೈಂಗಿಕ ರೋಗಗಳನ್ನೂ ತಡೆಯುವ ನಿರೋಧ್. ಭಿವಂಡಿಯ, ಕಲ್ಯಾಣದ, ಡೊಂಬಿವಲಿಯ ಕನ್ನಡ ಗೃಹಸ್ಥರೇ, ಮಕ್ಕಳು ಸಾಕೆಂದು ದಂಪತಿಗಳಿಬ್ಬರೂ ನಿಶ್ಚಯಿಸಿದ ಮೇಲೆ ಪುರುಷರ ಶಸ್ತ್ರಚಿಕಿತ್ಸೆಯನ್ನೂ ವಿಚಾರಿಸಿ. ಅದು ಸ್ತ್ರೀಯರದಕ್ಕಿಂತ ಸರಳ, ಪೌರುಷಕ್ಕೆ ಅದರಿಂದ ಕುಂದಿಲ್ಲ. ಮೂರು ತಿಂಗಳ ತರುವಾಯ ವೀರ್ಯಪರೀಕ್ಷೆಯಾಗುವವರೆಗೆ ಮಾತ್ರ ಬೇರೆ ವಿಧಾನವನ್ನು ಬಿಡಬಾರದು.