ವಯಸ್ಕ ವಿದ್ಯಾರ್ಥಿ ಮತ್ತು ವಿಶ್ವವಿದ್ಯಾನಿಲಯ: 1908ರ ಟ್ಯುಟೋರಿಯಲ್ ತರಗತಿಗಳು

ದುಡಿಮೆಯ ನಡುವೆ ಮೊದಲ ಬಾರಿಗೆ ಉನ್ನತ ಶಿಕ್ಷಣಕ್ಕೆ ಬಂದ ವಯಸ್ಕರ ಚರಿತ್ರೆಯನ್ನು ಬಹುಮಟ್ಟಿಗೆ ಅವರ ಕೊರತೆಗಳ ಚರಿತ್ರೆಯೆಂದೇ ಭಾವಿಸಲಾಗುತ್ತದೆ. ಶಾಲೆ ಬಿಟ್ಟು ಬಹುಕಾಲ ಕಳೆದಿರುವುದು, ಓದಿಗೆ ಬಿಡುವಿಲ್ಲದಿರುವುದು, ಬರವಣಿಗೆಯ ರೂಢಿ ತಪ್ಪಿರುವುದು ಇವೆಲ್ಲ ನಿಜವಾದ ತೊಡಕುಗಳೇ. ಆದರೆ ಹೊಂದಿಕೊಳ್ಳಬೇಕಾದವನು ವಿದ್ಯಾರ್ಥಿ ಮಾತ್ರವೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ 20ನೆಯ ಶತಮಾನದ ಆರಂಭದಲ್ಲಿ ನಡೆದ ಒಂದು ಪ್ರಯೋಗವು ಬೇರೆಯೇ ಉತ್ತರವನ್ನು ನೀಡುತ್ತದೆ.

ಕೇಂಬ್ರಿಜ್ ವಿಶ್ವವಿದ್ಯಾನಿಲಯವು 1873ರಲ್ಲಿಯೇ ಊರೂರುಗಳಲ್ಲಿ ವಿಸ್ತರಣೋಪನ್ಯಾಸಗಳನ್ನು ಆರಂಭಿಸಿತ್ತು. ಆದರೆ ಶುಲ್ಕ ಕೊಡಬಲ್ಲ, ಬಿಡುವಿರುವ ಮಧ್ಯಮವರ್ಗದವರೇ ಅವುಗಳ ಪ್ರಯೋಜನವನ್ನು ಹೆಚ್ಚಾಗಿ ಪಡೆದರು. ತುಂಬಿದ ಸಭಾಂಗಣದಲ್ಲಿ ಕೇಳುಗನಿಗೆ ಪ್ರಶ್ನಿಸುವ ಅವಕಾಶವೂ ಕಡಿಮೆಯಿತ್ತು. ಈ ಮಿತಿಯನ್ನು ಕಂಡವರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಪ್ರಮುಖರು. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಗುಮಾಸ್ತರಾಗಿ ದುಡಿದಿದ್ದ ಅವರು 1903ರಲ್ಲಿ ಸ್ಥಾಪಿಸಿದ ಸಂಘವು 1905ರಲ್ಲಿ ಕಾರ್ಮಿಕರ ಶಿಕ್ಷಣ ಸಂಘವೆಂಬ ಹೆಸರನ್ನು ಪಡೆಯಿತು.

ಈ ಸಂಘ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಗಳ ಸಹಯೋಗದಲ್ಲಿ 1908ರ ಜನವರಿಯಲ್ಲಿ ಎರಡು ಟ್ಯುಟೋರಿಯಲ್ ತರಗತಿಗಳು ಆರಂಭವಾದವು. ಒಂದು, ಮಡಕೆ ಉದ್ಯಮದ ಊರಾದ ಸ್ಟಾಫರ್ಡ್‌ಶೈರಿನ ಲಾಂಗ್‌ಟನ್‌ನಲ್ಲಿ. ಇನ್ನೊಂದು, ಹತ್ತಿಗಿರಣಿಗಳ ಊರಾದ ಲ್ಯಾಂಕಶೈರಿನ ರಾಚ್‌ಡೇಲ್‌ನಲ್ಲಿ. ಎರಡಕ್ಕೂ ಬೋಧಕರಾಗಿದ್ದವರು ಮುಂದೆ ಆರ್ಥಿಕ ಇತಿಹಾಸಕಾರರೆಂದು ಖ್ಯಾತರಾದ ಆರ್. ಎಚ್. ಟಾನಿ. ಆಗ ಅವರಿಗೆ 27 ವರ್ಷ. ತರಗತಿಯ ನಿಯಮಗಳು ಕಠಿಣವಾಗಿದ್ದವು. ವರ್ಷಕ್ಕೆ 24 ಭೇಟಿಗಳಂತೆ ಮೂರು ವರ್ಷಗಳ ವ್ಯಾಸಂಗ. ಸುಮಾರು 30ಕ್ಕೆ ಸೀಮಿತವಾದ ಸದಸ್ಯರು. ಪ್ರತಿ ಭೇಟಿಯಲ್ಲಿ ಒಂದು ಗಂಟೆ ಉಪನ್ಯಾಸ, ಒಂದು ಗಂಟೆ ಚರ್ಚೆ. ಹದಿನೈದು ದಿನಗಳಿಗೊಂದು ಪ್ರಬಂಧ.

ಉಪನ್ಯಾಸ ಕೇಳುವುದಕ್ಕಿಂತ ಪ್ರಬಂಧ ಬರೆಯುವುದೇ ಕಾರ್ಮಿಕ ವಿದ್ಯಾರ್ಥಿಗೆ ದೊಡ್ಡ ಪರೀಕ್ಷೆಯಾಯಿತು. ಕೂಲಿ, ಬೆಲೆ, ಗಿರಣಿಯ ವ್ಯವಹಾರಗಳನ್ನು ಅನುಭವದಿಂದ ಬಲ್ಲವನಿಗೆ ಅವನ್ನು ವಾದವಾಗಿ ಕಾಗದದ ಮೇಲೆ ಇಳಿಸುವುದು ಸುಲಭವಾಗಿರಲಿಲ್ಲ. ಹೆಚ್ಚುವರಿ ದುಡಿಮೆ ಮತ್ತು ನಿರುದ್ಯೋಗಗಳೆರಡೂ ಹಾಜರಿಗೆ ಅಡ್ಡಿಯಾದವು. ಪುಸ್ತಕಗಳ ಅಭಾವವನ್ನು ನೀಗಿಸಲು ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತರಗತಿಗೇ ಕಳುಹಿಸುವ ಕ್ರಮ ಬಳಕೆಗೆ ಬಂದಿತು. ವಿದ್ಯಾರ್ಥಿ ವಿಶ್ವವಿದ್ಯಾನಿಲಯಕ್ಕೆ ಹೋಗುವ ಬದಲು ಅಧ್ಯಾಪಕ, ಪುಸ್ತಕ ಮತ್ತು ವೇಳಾಪಟ್ಟಿಗಳು ವಿದ್ಯಾರ್ಥಿಯ ಬಳಿಗೆ ಬಂದದ್ದು ಇಲ್ಲಿ ಗಮನಾರ್ಹ.

ಈ ಹೊಂದಾಣಿಕೆಯನ್ನು ಸಂದೇಹದಿಂದ ನೋಡಿದವರೂ ಇದ್ದರು. ಕಾರ್ಮಿಕನನ್ನು ವಿದ್ಯಾವಂತನನ್ನಾಗಿಸುವ ನೆಪದಲ್ಲಿ ವಿಶ್ವವಿದ್ಯಾನಿಲಯವು ಅವನನ್ನು ಅವನ ವರ್ಗದಿಂದ ಬೇರ್ಪಡಿಸುತ್ತದೆ ಎಂಬುದು ಅವರ ಆಕ್ಷೇಪ. 1909ರಲ್ಲಿ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿದ ಹಿನ್ನೆಲೆಯಲ್ಲಿ ಕೇಂದ್ರ ಕಾರ್ಮಿಕ ಕಾಲೇಜು ಪ್ರತ್ಯೇಕವಾಗಿ ಸ್ಥಾಪನೆಯಾಯಿತು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಲಾಂಗ್‌ಟನ್ ತರಗತಿಯ ವಿದ್ಯಾರ್ಥಿಗಳು ಕಲಿತದ್ದನ್ನು ತಮ್ಮಲ್ಲೇ ಇರಿಸಿಕೊಳ್ಳಲಿಲ್ಲ. 1911ರಿಂದ ಉತ್ತರ ಸ್ಟಾಫರ್ಡ್‌ಶೈರಿನ ಗಣಿ ಹಳ್ಳಿಗಳಿಗೆ ತಾವೇ ಹೋಗಿ ಗಣಿಕಾರ್ಮಿಕರಿಗೆ ಪಾಠ ಹೇಳಿದರು. ಟಾನಿಯವರೂ 1912ರಲ್ಲಿ ಪ್ರಕಟವಾದ, 16ನೆಯ ಶತಮಾನದ ಭೂಹಿಡುವಳಿ ಸಮಸ್ಯೆಯನ್ನು ಕುರಿತ ತಮ್ಮ ಗ್ರಂಥದ ಮುನ್ನುಡಿಯಲ್ಲಿ ನೇಯ್ಗೆಯವರು, ಕುಂಬಾರರು ಮತ್ತು ಗಣಿಕಾರ್ಮಿಕರ ಟೀಕೆಗಳಿಂದ ತಾವು ಕಲಿತದ್ದನ್ನು ಸ್ಮರಿಸಿದರು. ಕಲಿಕೆ ಎರಡೂ ದಿಕ್ಕಿನಲ್ಲಿ ಹರಿಯಿತು ಎಂಬುದಕ್ಕೆ ಇವು ಸಾಕ್ಷಿ.

ಇದೇ ಪ್ರಶ್ನೆ ದೂರಶಿಕ್ಷಣದ ಯುಗದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದುರಾಯಿತು. 1969ರಲ್ಲಿ ರಾಜಸನದು ಪಡೆದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು 1971ರಲ್ಲಿ ಪ್ರವೇಶಾರ್ಹತೆಯ ನಿರ್ಬಂಧವಿಲ್ಲದೆ ಪಾಠ ಆರಂಭಿಸಿದಾಗ ತಳಹದಿ ಪಠ್ಯಕ್ರಮಗಳಿಗೂ ಬೇಸಿಗೆ ಶಿಬಿರಗಳಿಗೂ ಮಹತ್ವ ನೀಡಿತು. ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ಶಿಕ್ಷಣವನ್ನು ಆರಂಭಿಸಿದ್ದೂ 1969ರಲ್ಲೇ. ಆ ಸಂಸ್ಥೆಯ ಬುನಾದಿಯ ಮೇಲೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಅಂಚೆಯಲ್ಲಿ ಬರುವ ಪಾಠವು ಪುಸ್ತಕದ ಪೆಟ್ಟಿಗೆಯ ಕೆಲಸವನ್ನು ಮಾಡಬಲ್ಲದು. ಚರ್ಚೆಯ ಆ ಒಂದು ಗಂಟೆಯ ಕೆಲಸವನ್ನು ಮಾಡಲಾರದು. ತಡವಾಗಿ ಓದಿಗೆ ಬಂದವರಿಗೆ ಸಂಪರ್ಕ ತರಗತಿಗಳು ಏಕೆ ಅನಿವಾರ್ಯ ಎಂಬುದನ್ನು 1908ರ ಪ್ರಯೋಗ ಸ್ಪಷ್ಟಪಡಿಸುತ್ತದೆ.