ಹೊಳೆಬಾಗಿಲಿನ ಲಾಂಚು



ತಿಪಟೂರು ಪೇಟೆಯ ನಡುವೆ ಹಾದುಹೋಗುವ ದೊಡ್ಡ ರಸ್ತೆಗೆ ಬಿ. ಎಚ್. ರಸ್ತೆಯೆಂದು ಹೆಸರು. ಕೊಬ್ಬರಿ ಮಾರಲು ಬರುವವರೆಲ್ಲ ಈ ಹೆಸರನ್ನು ದಿನವೂ ಆಡುವರು. ಅದರ ಎರಡನೆಯ ಅಕ್ಷರವು ಹೊನ್ನಾವರವನ್ನು ಸೂಚಿಸುವುದೆಂದು ನೆನೆಯುವವರು ವಿರಳ. ಈ ದಾರಿಯನ್ನೇ ಹಿಡಿದು ಅರಸೀಕೆರೆ, ಕಡೂರು, ಶಿವಮೊಗ್ಗೆಗಳನ್ನು ದಾಟಿ ಸಾಗರವನ್ನು ಮುಟ್ಟಿ, ಅಲ್ಲಿಂದ ಸಿಗಂದೂರಿನ ಕಡೆಗೆ ತಿರುಗಿದರೆ, ಅಂಬಾರಗೋಡ್ಲುವಿನ ಹೊಳೆಬಾಗಿಲಿನಲ್ಲಿ ರಸ್ತೆಯು ನೀರಿಗೆ ಇಳಿದು ಮುಗಿದುಹೋಗುತ್ತಿದ್ದಿತು. ಆಚೆಯ ದಡ ಕಳಸವಳ್ಳಿ. ನಡುವಣ ನೀರನ್ನು ದಾಟಿಸುತ್ತಿದ್ದ ಲಾಂಚಿನ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ತೆಂಗಿನ ಸೀಮೆಯವರಾದ ನಮಗೆ ಕಡವಿನ ಬಳಕೆ ಇಲ್ಲ. ತುರುವೇಕೆರೆ ತಾಲ್ಲೂಕಿನ ಮಲ್ಲಾಘಟ್ಟದ ಕೆರೆಯಾಗಲಿ, ಚಿಕ್ಕನಾಯಕನಹಳ್ಳಿಯ ಕಡೆಯ ಬೋರನಕಣಿವೆಯಾಗಲಿ ನಾವು ಏರಿಯ ಮೇಲೆ ನಿಂತು ನೋಡಿ ಸಂತೋಷಪಡತಕ್ಕ ನೀರು. ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲುವಂತಾದಾಗ, ಕಣಿವೆಯ ಊರುಗಳೂ ಗದ್ದೆಗಳೂ ಅಡಕೆಯ ತೋಟಗಳೂ ಮುಳುಗಿದುವು. ಕರೂರು, ಬಾರಂಗಿ ಹೋಬಳಿಗಳ ಜನರು ತಮ್ಮ ತಾಲ್ಲೂಕಿನ ಪೇಟೆಯಾದ ಸಾಗರದಿಂದಲೇ ಅಗಲಿಸಲ್ಪಟ್ಟರು. ಹಿನ್ನೀರನ್ನು ಬಳಸಿಕೊಂಡು ಹೋಗುವ ದಾರಿ ಬಹು ದೂರ.

ಲಾಂಚಿನ ಕೆಲಸವು ನೋಡುವವರಿಗೆ ಸರಳ. ಚಪ್ಪಟೆಯಾದ ಕಬ್ಬಿಣದ ಹಾಸು, ದಡಕ್ಕೆ ಚಾಚುವ ಹಲಗೆ, ಒಂದು ಎಂಜಿನು. ಕಾರು, ಜೀಪು, ಬಸ್ಸುಗಳನ್ನು ಒಂದೊಂದಾಗಿ ಏರಿಸಿ, ಭಾರವು ಒಂದೇ ಮಗ್ಗುಲಿಗೆ ಬೀಳದಂತೆ ನಿಲ್ಲಿಸಬೇಕು. ಉಳಿದ ಎಡೆಯಲ್ಲಿ ಜನ. ಶಾಲೆಯ ಮಕ್ಕಳು, ಪೇಟೆಗೆ ಹೊರಟ ರೈತರು, ಚೌಡೇಶ್ವರಿಯ ದರ್ಶನಕ್ಕೆ ಬಂದ ಪರಸ್ಥಳದವರು, ಎಲ್ಲರಿಗೂ ಅದೊಂದೇ ಹಾಸು. (ರಜೆಯ ದಿನಗಳಲ್ಲಿ ಯಾತ್ರಿಕರ ವಾಹನಗಳ ಸಾಲು ಬೆಳೆದು ಊರಿನವರೇ ಕಾಯಬೇಕಾಗುತ್ತಿದ್ದುದು ಆ ದೇವಿಗೂ ಒಪ್ಪಿಗೆಯಾಗಿರಲಾರದು!) ನಿಜವಾದ ಕಷ್ಟವಿದ್ದುದು ನೀರಿನ ಏರಿಳಿತದಲ್ಲಿ. ವಿದ್ಯುತ್ತಿಗಾಗಿ ನೀರು ಬಿಟ್ಟಷ್ಟೂ ದಡವು ಹಿಂದೆ ಸರಿಯುವುದು. ಬೇಸಗೆಯ ಕೊನೆಯಲ್ಲಿ, ಎಂದೋ ಮುಳುಗಿದ ಕಾಡಿನ ಬೊಡ್ಡೆಗಳು ತಲೆಯೆತ್ತುವುವು. 2023ರ ಜೂನ್ ತಿಂಗಳಿನಲ್ಲಿ ನೀರು ಬಹಳ ತಗ್ಗಿ, ವಾಹನಗಳನ್ನು ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು.

ಇನ್ನು ರಾತ್ರಿಯ ಮಾತು. ಸಂಜೆಯ ಕೊನೆಯ ಲಾಂಚು ಹೊರಟಮೇಲೆ ಕಡವು ಮುಚ್ಚಿದಂತೆಯೇ. ಹೆರಿಗೆಯ ನೋವಾಗಲಿ ಹಾವಿನ ವಿಷವಾಗಲಿ ವೇಳಾಪಟ್ಟಿಯನ್ನು ನೋಡಿ ಬರುವುದಿಲ್ಲವಷ್ಟೆ.

ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟು. ನಮ್ಮ ತೋಟದ ಪಂಪುಗಳನ್ನು ತಿರುಗಿಸಿದ ಶಕ್ತಿಯಲ್ಲಿ ಅದರ ಪಾಲೂ ಸೇರಿದೆ. ಇದನ್ನು ಬಲ್ಲವರು ಆ ಲಾಂಚನ್ನು ಮುಳುಗಡೆಯ ಜನರಿಗೆ ಮಾಡಿದ ಉಪಕಾರವೆಂದು ಕರೆಯಲಾರರು. ನಾಡು ತೀರಿಸಬೇಕಾಗಿದ್ದ ಸಾಲಕ್ಕೆ ಅದು ಬಡ್ಡಿಯೆಂದರೆ ನಾವು ಒಪ್ಪೇವು. ಅಸಲು ಸಲ್ಲಲು ಆರು ದಶಕಗಳು ಬೇಕಾದುವು: ಸುಮಾರು 2.44 ಕಿಲೋಮೀಟರು ಉದ್ದದ ಸೇತುವೆಯು ತೆರೆದುದು 2025ರ ಜುಲೈ 14ರಂದು. ರಾತ್ರಿ ಹತ್ತು ಗಂಟೆಗೆ ತುಮರಿಯಿಂದ ರೋಗಿಯನ್ನು ಕೂರಿಸಿಕೊಂಡು ಹೊರಟ ಗಾಡಿಯು ಈಗ ಯಾರನ್ನೂ ಕಾಯದೆ ಹೊಳೆಯನ್ನು ದಾಟುತ್ತದೆ.