ಲಾ ರೋಷೆಲ್ ನಗರದ ಗೆದ್ದಲು: ಒಂದು ಆಕರವಿಚಾರ

ಗೆದ್ದಲು ತಿಂದ ಓಲೆಯ ಕಟ್ಟನ್ನು ಕೈಯಲ್ಲಿ ಹಿಡಿದು ಮರುಗದ ಸಂಶೋಧಕನು ಕನ್ನಡ ನಾಡಿನಲ್ಲಿ ವಿರಳ. ಆದರೂ ಈ ಹುಳು ನಮ್ಮ ಮನೆಗಳಿಗೆ ಎಂದು ಬಂದಿತು, ಎಲ್ಲಿಂದ ಬಂದಿತು ಎಂದು ನಾವು ಕೇಳುವುದಿಲ್ಲ. ಹೊಲದಲ್ಲಿ ಹುತ್ತವಿರುವಂತೆ ಮನೆಯಲ್ಲಿ ಗೆದ್ದಲಿರುವುದೂ ನಮಗೆ ನೆಲದ ಸಹಜಧರ್ಮವಾಗಿ ತೋರುತ್ತದೆ. ಫ್ರಾನ್ಸ್ ದೇಶದ ಪಶ್ಚಿಮ ಕರಾವಳಿಯಲ್ಲಾದರೋ ಈ ಪ್ರಶ್ನೆಯು ನೂರಾರು ವರ್ಷ ವಾದಕ್ಕೆ ಎಡೆಗೊಟ್ಟಿತು. ವಿಷಯವು ಕೀಟಶಾಸ್ತ್ರಕ್ಕೆ ಸೇರಿದುದಾದರೂ, ಆಕರಗಳ ಬೆಲೆಯನ್ನು ತೂಗಿ ನೋಡಬೇಕಾದ ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಕಲಿಯತಕ್ಕ ಪಾಠವೊಂದುಂಟು.

ಲಾ ರೋಷೆಲ್ ಹಳೆಯ ಬಂದರು. ಅದರ ದಕ್ಷಿಣಕ್ಕಿರುವ ರೋಶ್‌ಫೋರ್ ಪಟ್ಟಣವನ್ನು ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರನು ೧೬೬೬ರಲ್ಲಿ ನೌಕಾಪಡೆಯ ಹಡಗುಕಟ್ಟೆಗಾಗಿ ನಿರ್ಮಿಸಿದನು. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಅಮೆರಿಕದ ವಸಾಹತುಗಳೊಡನೆ ನಡೆದ ಫ್ರೆಂಚ್ ವ್ಯಾಪಾರದಲ್ಲಿ ಈ ಕರಾವಳಿಗೆ ದೊಡ್ಡ ಪಾಲಿತ್ತು. ರೋಶ್‌ಫೋರಿನಲ್ಲಿ ಬಹುಕಾಲ ಯಾರೂ ವಾಸವಿರದ ಮನೆಯೊಂದರಲ್ಲಿ ೧೭೯೭ರಲ್ಲಿ ಗೆದ್ದಲು ಮೊದಲು ಜನರ ಕಣ್ಣಿಗೆ ಬಿದ್ದಿತೆಂದು ತಿಳಿದುಬರುತ್ತದೆ. ಅಲ್ಲಿಯ ಉಪದ್ರವವನ್ನು ಕುರಿತು ಬೊಬ್ ಮೊರೊ ಎಂಬಾತನು ೧೮೪೩ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದನು. ಅರ್ಧ ಶತಮಾನದೊಳಗೆ ಒಂದು ಮನೆಯ ಪೀಡೆಯು ಊರಿನ ಪೀಡೆಯಾಗಿ ಬೆಳೆದಿತ್ತು.

ಲಾ ರೋಷೆಲ್‌ನ ಸ್ಥಿತಿಯನ್ನು ಪರಿಶೀಲಿಸಿ ೧೮೫೩ರಲ್ಲಿ ಬರೆದವನು ಪ್ರಸಿದ್ಧ ಜೀವವಿಜ್ಞಾನಿ ಆರ್ಮಾಂ ದ ಕಾತ್ರಫಾಜ್ (೧೮೧೦–೧೮೯೨). ಆತನ ಬರಹದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗೆದ್ದಲು ನಗರವನ್ನೆಲ್ಲ ವ್ಯಾಪಿಸಿರಲಿಲ್ಲ. ಊರಿನ ಒಂದು ತುದಿಯ ಶಸ್ತ್ರಾಗಾರದಲ್ಲಿಯೂ ಇನ್ನೊಂದು ತುದಿಯ ಜಿಲ್ಲಾಡಳಿತದ ಕಚೇರಿ ಮತ್ತು ಅದರ ನೆರೆಮನೆಗಳಲ್ಲಿಯೂ ನೆಲೆಸಿತ್ತು. ನೆಲದ ಸಹಜ ಕೀಟವು ಹೀಗೆ ಎರಡೇ ಕಡೆ ಗುಂಪುಗೂಡಿರುವುದು ಸಂಭವವಲ್ಲ. ಹೊರಗಿನಿಂದ ಬಂದು ಇಳಿದುದರ ಗುರುತು ಇಲ್ಲಿ ಕಾಣುತ್ತದೆ.

ಎರಡನೆಯ ಸಂಗತಿಯು ನಮಗೆ ಇನ್ನೂ ಹತ್ತಿರದ್ದು. ಆ ಕಚೇರಿಯಲ್ಲಿಯೇ ಜಿಲ್ಲೆಯ ದಾಖಲೆಗಳ ಭಂಡಾರವಿತ್ತು. ಗೆದ್ದಲಿಗೆ ಬೆಳಕೂ ಒಣಗಾಳಿಯೂ ಆಗದು. ಅದು ತೇವವಿರುವ ಮಣ್ಣಿನಿಂದ ಹೊರಟು, ತೊಲೆ ಹಲಗೆಗಳ ಒಳಗೊಳಗೇ ಸಾಗಿ, ಬಯಲು ಸಿಕ್ಕಲ್ಲಿ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡು ಮುನ್ನಡೆಯುತ್ತದೆ. ಮರದ ಒಳಗನ್ನು ತಿಂದು ಹೊರಮೈಯನ್ನು ತೆಳ್ಳಗೆ ಉಳಿಸುತ್ತದೆ. ಕಾಗದದ ವಿಷಯದಲ್ಲಿಯೂ ಹಾಗೆಯೇ ನಡೆಯಿತು. ಗೋಡೆಗೆ ಹೊದಿಸಿದ್ದ ಹಲಗೆಗಳ ಮೂಲಕ ಪೆಟ್ಟಿಗೆಗಳನ್ನು ಹೊಕ್ಕ ಗೆದ್ದಲು ಮೇಲಿನ ಹಾಳೆಯನ್ನೂ ಕಟ್ಟಿನ ಅಂಚುಗಳನ್ನೂ ಬಿಟ್ಟು ನಡುವಣ ಬರಹವನ್ನೆಲ್ಲ ತಿಂದುಹಾಕಿತು. ಕಪಾಟಿನಲ್ಲಿ ಕಟ್ಟುಗಳು ಕ್ರಮವಾಗಿಯೇ ಕಾಣುತ್ತಿದ್ದವು. ತೆರೆದಾಗ ದೊರೆತದ್ದು ಬರಿಯ ಕಸ. ಭಂಡಾರವು ಬಹುಮಟ್ಟಿಗೆ ನಾಶವಾದ ಸಂಗತಿ ನಾಶದ ಬಳಿಕವೇ ತಿಳಿಯಿತು. ಅಂದಿನಿಂದ ದಾಖಲೆಗಳನ್ನು ಸತುವಿನ ಪೆಟ್ಟಿಗೆಗಳಲ್ಲಿ ಇರಿಸತೊಡಗಿದರು. ಕಾತ್ರಫಾಜನು ಕ್ಲೋರೀನ್ ಅನಿಲದಿಂದ ಗೆದ್ದಲನ್ನು ಕೊಲ್ಲುವ ಪ್ರಯೋಗಗಳನ್ನೂ ಮಾಡಿದನು.

ಇನ್ನು ಮೂಲದ ಪ್ರಶ್ನೆ. ಇಂದಿನ ಹೈಟಿಯಾದ ಅಂದಿನ ಸ್ಯಾನ್ ದೊಮಿಂಗ್ ವಸಾಹತುವಿನಿಂದ ನಗರದ ವರ್ತಕರು ೧೭೮೦ರ ಸುಮಾರಿಗೆ ತರಿಸಿದ ಸರಕಿನ ಮೂಟೆಗಳೊಡನೆ ಗೆದ್ದಲು ಬಂದಿತೆಂದು ಸ್ಥಳೀಯ ಐತಿಹ್ಯವು ಹೇಳುತ್ತಿತ್ತು. ಬೇರೆ ಕೆಲವರಾದರೋ ದಕ್ಷಿಣ ಫ್ರಾನ್ಸಿನ ಕಾಡುಗಳಲ್ಲಿರುವ ದೇಶೀಯ ಗೆದ್ದಲೇ ಮನೆಗಳಿಗೆ ನುಗ್ಗಿತೆಂದು ಬಗೆದರು. ಕಾತ್ರಫಾಜನೂ ದೇಶೀಯ ಜಾತಿಯ ಹೆಸರನ್ನೇ ಇದಕ್ಕೆ ಕೊಟ್ಟಿದ್ದನು. ೧೯೨೪ರಲ್ಲಿ ಫೇಟೋ ಎಂಬ ವಿಜ್ಞಾನಿಯು ಇದು ಬೇರೆಯೇ ಒಂದು ಜಾತಿಯೆಂದು ನಿರ್ಣಯಿಸಿ, ಸ್ಯಾಂತೊಂಜ್ ಪ್ರಾಂತದ ಹೆಸರನ್ನು ಅದಕ್ಕೆ ಇಟ್ಟನು. ಪರದೇಶಿಗೆ ಹೀಗೆ ಊರಿನ ಹೆಸರೇ ನಿಂತಿತು.

ಈ ವಾದವನ್ನು ತೀರಿಸಿದ್ದು ಕಾಗದವಲ್ಲ, ಹುಳುವಿನ ಶರೀರ. ಇಪ್ಪತ್ತೊಂದನೆಯ ಶತಮಾನದ ಆನುವಂಶಿಕ ಪರೀಕ್ಷೆಗಳಿಂದ, ಸ್ಯಾಂತೊಂಜಿನ ಗೆದ್ದಲು ಉತ್ತರ ಅಮೆರಿಕದ ‘ರೆಟಿಕ್ಯುಲಿಟರ್ಮಿಸ್ ಫ್ಲಾವಿಪೆಸ್’ ಎಂಬ ಜಾತಿಯೇ ಎಂದು ಸಿದ್ಧವಾಯಿತು. ಈ ಜಾತಿಯನ್ನು ೧೮೩೭ರಲ್ಲಿ ಕೊಲ್ಲಾರನು ಮೊದಲು ವರ್ಣಿಸಿದ್ದು ಅಮೆರಿಕದಲ್ಲಲ್ಲ, ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಸಸ್ಯಗೃಹದಲ್ಲಿ ಸಿಕ್ಕಿದ ಹುಳುಗಳಿಂದ ಎಂಬುದು ಗಮನಾರ್ಹ. ಫ್ರಾನ್ಸಿನ ಗೆದ್ದಲಿನ ಮೂಲವು ಲೂಯಿಸಿಯಾನವೆಂದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ೧೬೯೯ರಲ್ಲಿ ಆರಂಭವಾದ ಲೂಯಿಸಿಯಾನ ವಸಾಹತು ೧೭೬೦ರ ದಶಕದವರೆಗೆ ಫ್ರೆಂಚರ ಕೈಯಲ್ಲಿತ್ತೆಂಬುದನ್ನು ನೆನೆದರೆ ಈ ನಿರ್ಣಯವು ಇತಿಹಾಸಕ್ಕೂ ಹೊಂದುತ್ತದೆ. ಐತಿಹ್ಯವು ಊರನ್ನು ತಪ್ಪಾಗಿ ಹೇಳಿತ್ತು. ಆದರೆ ಗೆದ್ದಲು ಸಾಗರವನ್ನು ದಾಟಿ ವ್ಯಾಪಾರದ ಬೆನ್ನೇರಿ ಬಂದಿತೆಂಬ ಅದರ ತಿರುಳು ಸತ್ಯವಾಗಿತ್ತು. ವಿವರದಲ್ಲಿ ದೋಷವಿದೆಯೆಂದು ಐತಿಹ್ಯವನ್ನು ಇಡಿಯಾಗಿ ತಳ್ಳಿಹಾಕುವವರು ಇದನ್ನು ಮನಗಾಣಬೇಕು.

ಪೀಡೆಯು ಅಲ್ಲಿಗೇ ನಿಲ್ಲಲಿಲ್ಲ. ಪ್ಯಾರಿಸ್ ನಗರವನ್ನೂ ಮುಟ್ಟಿತು. ಫ್ರಾನ್ಸ್ ಸರ್ಕಾರವು ೧೯೯೯ರ ಜೂನ್ ೮ರಂದು ಇದಕ್ಕಾಗಿಯೇ ಕಾಯಿದೆಯೊಂದನ್ನು ಮಾಡಿತು. ಗೆದ್ದಲನ್ನು ಕಂಡ ಮನೆಯವರು ಪುರಾಧ್ಯಕ್ಷರಿಗೆ ತಿಳಿಸತಕ್ಕದ್ದು. ಪೀಡಿತ ಪ್ರದೇಶದಲ್ಲಿ ಕಟ್ಟಡವನ್ನು ಕೆಡವಿದರೆ ಹುಳು ಹಿಡಿದ ಮರವನ್ನು ಅಲ್ಲಿಯೇ ಸುಡಬೇಕು, ಇಲ್ಲವೆ ಸಾಗಿಸುವ ಮೊದಲು ಶುದ್ಧಿಮಾಡಬೇಕು. ಎರಡು ಬಂದರುಗಳ ಹಳೆಯ ಋಣವನ್ನು ಇಡೀ ದೇಶವು ತೀರಿಸಬೇಕಾಯಿತು.

ದಾಖಲೆಗಳನ್ನು ತಿಂದ ಕೀಟವು ದಾಖಲೆಗಳು ಹೇಳಲಾರದ ಒಂದು ಮಾತನ್ನು ತನ್ನ ಮೈಯಲ್ಲಿಯೇ ಹೊತ್ತುಕೊಂಡಿತ್ತು. ವಸಾಹತು ಕೈಬಿಟ್ಟಿತು, ಹಡಗುಗಳು ಹೋದವು, ಜಿಲ್ಲೆಯ ಕಾಗದಗಳು ಹುಡಿಯಾದವು. ವ್ಯಾಪಾರದ ಹಳೆಯ ದಾರಿಯ ಗುರುತು ಮನೆಗಳ ತೊಲೆಗಳೊಳಗೆ ಉಳಿಯಿತು. ಆದುದರಿಂದ ಆಕರವೆಂಬುದನ್ನು ಬರಹಕ್ಕೆ ಮಾತ್ರ ಸೀಮಿತಗೊಳಿಸುವುದು ಸಲ್ಲದು. ಹಾಗೆಂದು ಬರಹವನ್ನು ಅಲಕ್ಷಿಸಬೇಕೆಂದು ಅರ್ಥವಲ್ಲ. ಅಂಚು ನೆಟ್ಟಗಿರುವ ಕಟ್ಟನ್ನು ಕಂಡು ಒಳಗೂ ನೆಟ್ಟಗಿದೆಯೆಂದು ನಂಬಿದ ಲಾ ರೋಷೆಲ್‌ನ ಭಂಡಾರದವರ ಪಾಡು ನಮಗೆ ಬಾರದಿರಬೇಕಾದರೆ, ನಮ್ಮ ಹಳ್ಳಿಯ ಮನೆಗಳ ಅಟ್ಟದಲ್ಲಿರುವ ಓಲೆ ಕಡತಗಳ ಕಟ್ಟುಗಳನ್ನು ಆಗಾಗ ಬಿಚ್ಚಿ ನೋಡುವುದು, ನೋಡಿದುದನ್ನು ಪ್ರತಿಮಾಡಿ ಇಡುವುದು ಇತಿಹಾಸದ ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಕರ್ತವ್ಯವಾಗಿದೆ.